ಯಂತ್ರ ಅಗ್ಗ, ತಟ್ಟೆ ತುಟ್ಟಿ

ಅಟ್ಟದಿಂದ ಇಳಿಸಿದ ಟ್ರಂಕಿನಲ್ಲಿ ಏನೇನಿದ್ದೀತು ಎಂದು ಈಗ ಯಾರು ಬೇಕಾದರೂ ಊಹಿಸಬಹುದು. ಚಾವಡಿಯ ಕಂಬಕ್ಕೆ ಒರಗಿಸಿಟ್ಟ ಟೂ-ಇನ್-ಒನ್‌ನಲ್ಲಿ ಬೆಳಗಿನ ಜಾವದವರೆಗೂ ಹಿಡಿದ ತಾಳಮದ್ದಳೆ. ಆಕಾಶವಾಣಿಯಿಂದ ಇಳಿಸಿಕೊಂಡ ಕಛೇರಿ, ನಡುವೆ ಕರೆಂಟು ಹೋದಾಗ ತುಂಡಾದದ್ದು. ಮದುವೆ ಮನೆಯ ಸೋಬಾನೆ. ಈಗಿಲ್ಲದ ಅಜ್ಜಿಯ ಆರತಿ ಹಾಡು, ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ. ಒಂದೊಂದು ಕ್ಯಾಸೆಟ್ಟಿನ ಮೇಲೂ ಬಾಲ್‌ಪೆನ್ನಿನಲ್ಲಿ ಬರೆದ ಹೆಸರು, ಅರ್ಧ ಅಳಿಸಿದ ತಾರೀಕು. ಇಂಥದೇ ಟ್ರಂಕುಗಳು ನ್ಯೂಜೆರ್ಸಿಯ ನೆಲಮಾಳಿಗೆಗಳಲ್ಲೂ ಇವೆ. ಹಪ್ಪಳ, ಚಟ್ನಿಪುಡಿಗಳ ಜೊತೆ ಸೂಟ್‌ಕೇಸಿನಲ್ಲಿ ಹೋದ ಕ್ಯಾಸೆಟ್‌ಗಳು ಅವು.

ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: ‘ಇದನ್ನೆಲ್ಲ ಸಿ.ಡಿ. ಮಾಡಬಹುದಲ್ಲ? ಕಂಪ್ಯೂಟರು ಗಿಂಪ್ಯೂಟರು ನನ್ನ ಕೈಲಾಗದು. ಕ್ಯಾಸೆಟ್ ರೆಕಾರ್ಡ್ ಮಾಡಿದ ಹಾಗೆ ಒಂದು ಗುಂಡಿ ಒತ್ತಿದರೆ ಆಗುವಂಥದು ಇಲ್ಲವಾ?’

ಇದೆ. ಸಂಗೀತ ವ್ಯವಸ್ಥೆಯ ಜೊತೆ ಇಟ್ಟುಕೊಳ್ಳುವ, ಕಂಪ್ಯೂಟರಿನ ಹಂಗಿಲ್ಲದ ಆಡಿಯೋ ಸಿ.ಡಿ. ರೆಕಾರ್ಡರ್ ಎಂಬ ಯಂತ್ರ. ನಮ್ಮ ಅಂಗಡಿಗಳಲ್ಲಿ ಅದು ಹೆಚ್ಚು ಕಾಣಿಸಿಕೊಳ್ಳಲಿಲ್ಲ. ಇಲ್ಲಿಗೆ ಬಂದವುಗಳಲ್ಲಿ ಹೆಚ್ಚಿನವು ವಿದೇಶದಲ್ಲಿರುವ ಮಗನೋ ಅಳಿಯನೋ ತಂದವು. ಈಗ ಹುಡುಕಿದರೆ ಸಿಗುವುದು ಬಹುತೇಕ ಸೆಕೆಂಡ್ ಹ್ಯಾಂಡ್ ಮಾಲು. ಕಡಿಮೆ ದುಡ್ಡಿಗೆ ಸಿಗುತ್ತದೆ ಎಂಬುದೇ ಅದರ ಆಕರ್ಷಣೆ. ಆದರೆ ಈ ಯಂತ್ರದ ನಿಜವಾದ ಬೆಲೆ ಅದರ ಮೇಲಿನ ಚೀಟಿಯಲ್ಲಿರುವುದಿಲ್ಲ.

ಟೇಪ್ ಡೆಕ್ಕಿನ ತಮ್ಮ

ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಅದು ಕೇಳುವುದಕ್ಕೆ ಮಾತ್ರ ಇದ್ದ ವಸ್ತು. ಮನೆಯಲ್ಲಿ ಬರೆಯಬಹುದಾದ ಖಾಲಿ ಸಿ.ಡಿ.ಯನ್ನು ಜಪಾನಿನ ತಾಯೊ ಯುಡೆನ್ ಕಂಪನಿ ಆ ದಶಕದ ಕೊನೆಗೆ ಸಿದ್ಧಪಡಿಸಿತು. ಆದರೂ ಸಾಮಾನ್ಯ ಸಂಗೀತಪ್ರಿಯರ ಕೈಗೆಟುಕುವ ರೆಕಾರ್ಡರ್‌ಗೆ ಇನ್ನೂ ಕಾಯಬೇಕಾಯಿತು. 1990ರ ದಶಕದ ಮಧ್ಯದಲ್ಲಿ ಪಯೊನೀರ್, 1997ರಲ್ಲಿ ಫಿಲಿಪ್ಸ್‌ನ ಸಿಡಿಆರ್ 870, ಆಮೇಲೆ ಒಂದು ಕಡೆ ಓದಿ ಇನ್ನೊಂದು ಕಡೆ ಬರೆಯುವ ಜೋಡಿ ತಟ್ಟೆಯ ಡೆಕ್‌ಗಳು ಬಂದವು. ಸ್ಟುಡಿಯೋ, ರೇಡಿಯೋ ಕೇಂದ್ರಗಳವರಿಗಾಗಿ ಟ್ಯಾಸ್ಕಮ್, ಮರಾಂಟ್ಜ್, ಎಚ್‌ಎಚ್‌ಬಿ ಬೇರೆ ಮಾದರಿಗಳನ್ನು ತಯಾರಿಸಿದವು.

ನೋಡಲಿಕ್ಕೆ ಇದು ಟೇಪ್ ಡೆಕ್ಕಿನ ತಮ್ಮನೇ. ಹಿಂದೆ ಕೆಂಪು–ಬಿಳಿ ಸಾಕೆಟ್ಟುಗಳು, ಮುಂದೆ ಮಟ್ಟ ತೋರಿಸುವ ಮೀಟರು, ರೆಕಾರ್ಡ್ ಗುಂಡಿ. ಹಾಡು ಎಷ್ಟು ಹೊತ್ತೋ ಬರೆಯಲಿಕ್ಕೂ ಅಷ್ಟೇ ಹೊತ್ತು. ಒಳಗೆ ನಡೆಯುವ ಕೆಲಸ ಮಾತ್ರ ಬೇರೆ: ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ಬರೆದಿಡುವುದು.

ಕಾಯ್ದೆ ಹಾಕಿದ ಬೀಗ

ಯಂತ್ರ ಕೊಂಡವರಿಗೆ ಮೊದಲ ಪೆಟ್ಟು ಬೀಳುವುದು ಖಾಲಿ ಸಿ.ಡಿ. ಹಾಕಿದಾಗ. ಸ್ಟೇಷನರಿ ಅಂಗಡಿಯಿಂದ ತಂದ ಸಾಮಾನ್ಯ ಸಿ.ಡಿ.ಯನ್ನು ಮನೆಬಳಕೆಯ ರೆಕಾರ್ಡರ್ ಒಪ್ಪುವುದೇ ಇಲ್ಲ. ತಟ್ಟೆ ಸರಿಯಿಲ್ಲ ಎಂದು ಪರದೆಯ ಮೇಲೆ ತೋರಿಸಿ ಸುಮ್ಮನಾಗುತ್ತದೆ. ಅದಕ್ಕೆ ಬೇಕಾದದ್ದು ‘ಡಿಜಿಟಲ್ ಆಡಿಯೋ’ ಅಥವಾ ‘ಮ್ಯೂಸಿಕ್’ ಎಂದು ಅಚ್ಚು ಹಾಕಿದ ತಟ್ಟೆ. ಎರಡಕ್ಕೂ ಇರುವ ವ್ಯತ್ಯಾಸ, ತಯಾರಿಸುವಾಗಲೇ ತಟ್ಟೆಯ ಸುರುಳಿ ಜಾಡಿನಲ್ಲಿ ಸೇರಿಸಿದ ಒಂದು ಗುರುತು. ಧ್ವನಿಯ ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಮ್ಯೂಸಿಕ್ ಸಿ.ಡಿ.ಯಲ್ಲಿ ಹಾಡು ಹೆಚ್ಚು ಇಂಪಾಗಿ ಕೇಳುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಈ ಗುರುತಿನ ಹಿಂದೆ ಹಲವು ವರ್ಷಗಳ ಜಗಳವಿದೆ. 1987ರಲ್ಲಿ ಡ್ಯಾಟ್ ಎಂಬ ಡಿಜಿಟಲ್ ಟೇಪು ಬಂದಾಗ ಅಮೆರಿಕದ ರೆಕಾರ್ಡ್ ಕಂಪನಿಗಳು ಬೆಚ್ಚಿಬಿದ್ದವು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸುತ್ತ ಹೋದರೆ ಧ್ವನಿ ಮಸುಕಾಗುತ್ತದೆ. ಡಿಜಿಟಲ್‌ನಲ್ಲಿ ನೂರನೆಯ ಪ್ರತಿಯೂ ಮೊದಲನೆಯದರಂತೆಯೇ ಇರುತ್ತದೆ. ಆಗ ಸಿಬಿಎಸ್ ಕಂಪನಿ ಒಂದು ಉಪಾಯ ಮುಂದಿಟ್ಟಿತು: ಹಾಡಿನೊಳಗೇ 3,838 ಹರ್ಟ್ಸ್ ಸುತ್ತಮುತ್ತಲ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸಿ ತೆಗೆಯುವುದು, ಆ ಖಾಲಿ ಜಾಗ ಕಂಡೊಡನೆ ರೆಕಾರ್ಡರ್ ನಿಂತುಬಿಡುವುದು. 1988ರಲ್ಲಿ ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಪರೀಕ್ಷಿಸಿ, ಇದರಿಂದ ಸಂಗೀತ ಕೆಡುತ್ತದೆ, ತಪ್ಪಿಸಿಕೊಳ್ಳುವುದೂ ಸುಲಭ ಎಂದು ತಿರಸ್ಕರಿಸಿತು. ಇದರಲ್ಲಿ ಒಂದು ತಮಾಷೆ ಇದೆ. ಅದೇ ವರ್ಷ ಸಿಬಿಎಸ್ ರೆಕಾರ್ಡ್ಸ್ ಅನ್ನು ಕೊಂಡದ್ದು ಡ್ಯಾಟ್ ಯಂತ್ರ ತಯಾರಿಸುತ್ತಿದ್ದ ಸೋನಿ.

ಕೊನೆಗೆ ರಾಜಿಯಾಯಿತು. 1992ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ‘ಆಡಿಯೋ ಹೋಮ್ ರೆಕಾರ್ಡಿಂಗ್’ ಕಾಯ್ದೆ ಜಾರಿಗೆ ಬಂತು. ಪ್ರತಿ ಡಿಜಿಟಲ್ ರೆಕಾರ್ಡರ್ ಮೇಲೆ 2 ಪ್ರತಿಶತ, ಖಾಲಿ ತಟ್ಟೆ–ಟೇಪುಗಳ ಮೇಲೆ 3 ಪ್ರತಿಶತ ರಾಯಧನ. ಜೊತೆಗೆ ಪ್ರತಿಯ ಪ್ರತಿ ಮಾಡದಂತೆ ತಡೆಯುವ ಬೀಗ. ಮೂಲ ಸಿ.ಡಿ.ಯಿಂದ ಡಿಜಿಟಲ್ ಪ್ರತಿ ತೆಗೆಯಬಹುದು. ಆ ಪ್ರತಿಯಿಂದ ಇನ್ನೊಂದನ್ನು ತೆಗೆಯುವಂತಿಲ್ಲ.

ಈ ಬೀಗಕ್ಕೆ ಹಾಡು ಯಾರದೆಂಬ ಪರಿವೆ ಇಲ್ಲ. ನಿಮ್ಮ ಅಜ್ಜಿಯ ಆರತಿ ಹಾಡನ್ನು ಕ್ಯಾಸೆಟ್ಟಿನಿಂದ ಸಿ.ಡಿ.ಗೆ ಇಳಿಸಿದಿರಿ ಎನ್ನಿ. ಅದರಿಂದ ಡಿಜಿಟಲ್ ತಂತಿಯ ಮೂಲಕ ಇನ್ನೊಂದು ಪೀಳಿಗೆಯ ಪ್ರತಿ ತೆಗೆಯಬಹುದು, ಅಷ್ಟೇ. ಆ ಪ್ರತಿಯಿಂದ ಮತ್ತೊಂದು ಬೇಕೆಂದರೆ ಯಂತ್ರ ಒಲ್ಲೆ ಎನ್ನುತ್ತದೆ. ಅಜ್ಜಿಗೂ ಮೈಕೆಲ್ ಜಾಕ್ಸನ್‌ಗೂ ಒಂದೇ ನ್ಯಾಯ.

ರಾಯಧನ ಬರೀ 3 ಪ್ರತಿಶತವಾದರೆ ಮ್ಯೂಸಿಕ್ ತಟ್ಟೆಗಳು ಸಾಮಾನ್ಯ ತಟ್ಟೆಗಿಂತ ಹಲವು ಪಟ್ಟು ತುಟ್ಟಿಯಾದದ್ದೇಕೆ? ಕಾಯ್ದೆಯ ಲೆಕ್ಕದಿಂದ ಅದಕ್ಕೆ ಉತ್ತರ ಸಿಗುವುದಿಲ್ಲ. ಯಂತ್ರ ಕೊಂಡವನು ಬೇರೆ ತಟ್ಟೆ ಹಾಕುವಂತಿಲ್ಲ, ಅಂಥವರ ಸಂಖ್ಯೆಯೂ ಸಣ್ಣದು. ಹೇಳಿದ ಬೆಲೆಗೆ ಕೊಳ್ಳಲೇಬೇಕು. ಕಂಪ್ಯೂಟರಿನ ಸಿ.ಡಿ. ರೈಟರ್ ಈ ಕಾಯ್ದೆಯ ವ್ಯಾಪ್ತಿಗೇ ಬರಲಿಲ್ಲ. ಅದು ಯಾವ ತಟ್ಟೆಯ ಮೇಲೂ ಬರೆಯುತ್ತದೆ. ಭಾರತದಲ್ಲಿ ಖಾಲಿ ತಟ್ಟೆಯ ಮೇಲೆ ಇಂಥ ರಾಯಧನವೇ ಇಲ್ಲ. ಆದರೂ ಹೊರಗಿನಿಂದ ಬಂದ ಯಂತ್ರ ಇಲ್ಲಿಯೂ ತನ್ನ ಊರಿನ ನಿಯಮವನ್ನೇ ಪಾಲಿಸುತ್ತದೆ.

ಹಾಗಾಗಿ ಕಡಿಮೆ ಬಜೆಟ್ಟಿನವರಿಗೆ ನಾನು ಮೊದಲು ಹೇಳುವ ಮಾತು: ಯಂತ್ರದ ಬೆಲೆ ಕೇಳುವ ಮುನ್ನ ಅದು ಯಾವ ತಟ್ಟೆ ತಿನ್ನುತ್ತದೆ ಎಂದು ಕೇಳಿ. ವೃತ್ತಿಪರರಿಗಾಗಿ ತಯಾರಾದ ಟ್ಯಾಸ್ಕಮ್ ಸಿಡಿ-ಆರ್‌ಡಬ್ಲ್ಯು 900ರಂಥ ಮಾದರಿಗಳು ಸಾಮಾನ್ಯ ತಟ್ಟೆಯನ್ನೂ ಒಪ್ಪುತ್ತವೆ. ಅವುಗಳ ಬೆಲೆ ಹೆಚ್ಚು ಎನಿಸಬಹುದು. ಟ್ರಂಕಿನಲ್ಲಿ ನೂರು ಕ್ಯಾಸೆಟ್ಟುಗಳಿದ್ದರೆ ಕಾಗದ ಪೆನ್ನು ಹಿಡಿದು ತಟ್ಟೆಗಳ ಖರ್ಚನ್ನೂ ಕೂಡಿಸಿ ನೋಡಿ. ಅಗ್ಗದ ಯಂತ್ರ ಬಹಳ ಸಲ ಅಲ್ಲಿ ಸೋಲುತ್ತದೆ.

‘ಚೆನ್ನಾಗಿ ಓಡುತ್ತದೆ’ ಅಂದರೆ?

ಹಳೆಯ ಯಂತ್ರ ಮಾರುವವರು ಸಾಮಾನ್ಯವಾಗಿ ಒಂದು ಹಾಡು ಹಾಕಿ ಕೇಳಿಸುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಓದುವುದು ಬೇರೆ, ಬರೆಯುವುದು ಬೇರೆ.

ಖಾಲಿ ಸಿ.ಡಿ.ಯಲ್ಲಿ ಬಣ್ಣದ ಒಂದು ತೆಳು ಪದರವಿರುತ್ತದೆ. ಬರೆಯುವಾಗ ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು, ಬೆಳಕು ಸರಿಯಾಗಿ ಮರಳದ ಚುಕ್ಕೆಗಳನ್ನು ಮಾಡುತ್ತದೆ. ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುವ ಈ ಜಾಡನ್ನು ಬಿಡಿಸಿ ಹಾಸಿದರೆ 5 ಕಿಲೋಮೀಟರಿಗೂ ಉದ್ದವಾದೀತು. ಓದಲು ಬೇಕಾದ ಲೇಸರಿನ ಕಸುವಿಗಿಂತ ಬರೆಯಲು ಬೇಕಾದದ್ದು ಹಲವು ಪಟ್ಟು ಹೆಚ್ಚು. ವಯಸ್ಸಾದ ಲೇಸರ್ ಓದುತ್ತಲೇ ಇರುತ್ತದೆ, ಬರೆಯುವ ಶಕ್ತಿ ಮಾತ್ರ ಕಳೆದುಕೊಂಡಿರುತ್ತದೆ.

ಆದ್ದರಿಂದ ಕೊಳ್ಳುವಾಗ ಖಾಲಿ ತಟ್ಟೆಗಳನ್ನು ನೀವೇ ಒಯ್ಯಿರಿ. ಬೇರೆ ಬೇರೆ ಬ್ರ್ಯಾಂಡಿನ ಎರಡು ಮೂರು ಇರಲಿ. ಮಾರುವವರ ಎದುರಿಗೇ ಹತ್ತು ನಿಮಿಷ ಏನಾದರೂ ರೆಕಾರ್ಡ್ ಮಾಡಿ. ಆಮೇಲೆ ‘ಫೈನಲೈಸ್’ ಗುಂಡಿ ಒತ್ತಿ ಕೊನೆಯವರೆಗೂ ಕಾಯಿರಿ. ಇದನ್ನು ಬಿಟ್ಟರೆ ಪರೀಕ್ಷೆ ಅರ್ಧಕ್ಕೆ ನಿಂತಂತೆ. ಯಾವ ಹಾಡು ಎಲ್ಲಿ ಶುರುವಾಗುತ್ತದೆ ಎಂಬ ಪರಿವಿಡಿಯನ್ನು ತಟ್ಟೆಯ ಒಳ ಅಂಚಿನಲ್ಲಿ ಯಂತ್ರ ಬರೆಯುವುದು ಆಗಲೇ. ಅಲ್ಲಿಯವರೆಗೆ ಆ ತಟ್ಟೆ ರೆಕಾರ್ಡರಿನಲ್ಲಿ ಮಾತ್ರ ಹಾಡುತ್ತದೆ; ಬೇರೆ ಪ್ಲೇಯರಿಗೆ ಅದು ಖಾಲಿ. ಫೈನಲೈಸ್ ಆದ ತಟ್ಟೆಯನ್ನು ಕಾರಿನ ಪ್ಲೇಯರಿಗೆ ಹಾಕಿ, ಕೊನೆಯ ಹಾಡಿಗೇ ನೇರವಾಗಿ ಹಾರಿ ನೋಡಿ. ಅಲ್ಲಿ ತಡವರಿಸದಿದ್ದರೆ ದುಡ್ಡು ಎಣಿಸಬಹುದು.

ಕೆಲವು ವೃತ್ತಿಪರ ಯಂತ್ರಗಳು ಲೇಸರ್ ಎಷ್ಟು ಗಂಟೆ ಕೆಲಸ ಮಾಡಿದೆ ಎಂಬ ಲೆಕ್ಕ ಇಟ್ಟಿರುತ್ತವೆ. ಅದನ್ನು ತೋರಿಸಲು ಹೇಳುವುದಕ್ಕೆ ಸಂಕೋಚ ಬೇಡ. ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯು ತಟ್ಟೆ ಅಭ್ಯಾಸಕ್ಕೆ ಒಳ್ಳೆಯದು, ಆದರೆ ಅದರಿಂದ ಬೆಳಕು ಮರಳುವುದು ಕಡಿಮೆ. ಹಳೆಯ ಪ್ಲೇಯರುಗಳು ಅದನ್ನು ಓದುವುದಿಲ್ಲ. ನಂಟರಿಗೆ ಹಂಚಲಿಕ್ಕೆ ಅದು ಬೇಡ.

ಇನ್ನು ಅಮೆರಿಕದಿಂದ ಬಂದ ಯಂತ್ರವಾದರೆ ಪ್ಲಗ್ ಚುಚ್ಚುವ ಮೊದಲು ಹಿಂಬದಿ ಓದಿ. ಅದು 120 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ಪಿನ್ನು ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ನಿಮ್ಮ ಬಜೆಟ್ಟಿನೊಳಗೇ.

ನಮ್ಮ ಸಂಗೀತಕ್ಕೆ ಯಾವ ಗುಂಡಿ?

ಇಂಥ ಯಂತ್ರಗಳ ಜಾಹೀರಾತಿನಲ್ಲಿ 24 ಬಿಟ್ ಪರಿವರ್ತಕ, ಚಿನ್ನ ಲೇಪಿಸಿದ ಸಾಕೆಟ್ಟು ಇತ್ಯಾದಿ ದೊಡ್ಡದಾಗಿ ಕಾಣುತ್ತವೆ. ಕ್ಯಾಸೆಟ್ ಇಳಿಸುವವರಿಗೆ ಅವು ದಂಡ. ಸಿ.ಡಿ.ಯ ಅತಿ ಸಣ್ಣ ಮತ್ತು ಅತಿ ದೊಡ್ಡ ದನಿಗಳ ನಡುವಿನ ಅಂತರ 96 ಡೆಸಿಬಲ್. ಟೂ-ಇನ್-ಒನ್‌ನಲ್ಲಿ ಹಿಡಿದ ಕ್ಯಾಸೆಟ್ಟಿನಲ್ಲಿ ಅದು 50 ದಾಟುವುದೇ ಕಷ್ಟ. ಅತ್ಯಂತ ಸಾಧಾರಣ ರೆಕಾರ್ಡರ್ ಕೂಡ ಆ ಕ್ಯಾಸೆಟ್ಟಿನಲ್ಲಿರುವ ಎಲ್ಲವನ್ನೂ, ಅದರ ‘ಸುಸ್’ ಸದ್ದನ್ನೂ ಸೇರಿಸಿ, ಹಿಡಿದಿಡಬಲ್ಲದು.

ಗಮನಿಸಬೇಕಾದದ್ದು ಬೇರೆ ಎರಡು ಗುಂಡಿಗಳನ್ನು. ಒಂದು, ಮೌನ ಕಂಡಾಗ ತಾನೇ ಹೊಸ ಟ್ರ್ಯಾಕ್ ಶುರುಮಾಡುವ ವ್ಯವಸ್ಥೆ. ಮೂರು ನಿಮಿಷದ ಪಾಪ್ ಹಾಡಿಗೆ ಅದು ಅನುಕೂಲ. ಆಲಾಪನೆಯಲ್ಲಿ ಗಾಯಕ ಉಸಿರು ತೆಗೆದುಕೊಂಡಲ್ಲೆಲ್ಲ, ತಾಳಮದ್ದಳೆಯ ಅರ್ಥಧಾರಿ ಎದುರಾಳಿಯನ್ನು ಕೆಣಕಿ ಸುಮ್ಮನೆ ಕೂತಲ್ಲೆಲ್ಲ ಟ್ರ್ಯಾಕ್ ತುಂಡಾಗುತ್ತದೆ. ಒಂದು ತಟ್ಟೆಗೆ 99 ಟ್ರ್ಯಾಕು ಮಾತ್ರ. ಕರ್ಣ ಕೃಷ್ಣರ ವಾದ ಮುಗಿಯುವ ಮೊದಲೇ ಅದು ತುಂಬಿಹೋದೀತು. ಈ ವ್ಯವಸ್ಥೆಯನ್ನು ನಿಲ್ಲಿಸಿ, ಕೈಯಿಂದಲೇ ಟ್ರ್ಯಾಕ್ ಗುರುತು ಹಾಕಲು ಬರುವ ಯಂತ್ರವೇ ಬೇಕು. ಎರಡನೆಯದು, ದನಿ ಕೇಳಿಸಿದ ಮೇಲೆ ತಾನೇ ಬರೆಯಲು ಶುರುಮಾಡುವ ‘ಸಿಂಕ್’. ತಂಬೂರಿ ಮೆಲ್ಲನೆ ಏಳುವ ಆರಂಭದ ಕ್ಷಣಗಳನ್ನು ಅದು ನುಂಗಿಬಿಡುತ್ತದೆ. ಅದನ್ನೂ ನಿಲ್ಲಿಸಿಡಿ.

ರೆಕಾರ್ಡಿಂಗ್ ಮಟ್ಟ ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿ ಇರಲೇಬೇಕು. ಕ್ಯಾಸೆಟ್ಟಿನಲ್ಲಿ ಮುಳ್ಳು ಕೆಂಪಿಗೆ ಹೋದರೆ ಧ್ವನಿ ಸ್ವಲ್ಪ ಒರಟಾಗುತ್ತಿತ್ತು, ಸಹಿಸಬಹುದಿತ್ತು. ಡಿಜಿಟಲ್‌ನಲ್ಲಿ ಸೊನ್ನೆ ದಾಟಿದ ಕೂಡಲೇ ಕರ್ಕಶ ಸದ್ದು ಬರುತ್ತದೆ, ಅದನ್ನು ಆಮೇಲೆ ಸರಿಪಡಿಸಲಾಗದು. ಚಂಡೆಯ ಮೊದಲ ಪೆಟ್ಟನ್ನು ಕೇಳಿಕೊಂಡೇ ಮಟ್ಟ ಗೊತ್ತುಮಾಡಿ.

ಜೋಡಿ ತಟ್ಟೆಯ ಡೆಕ್ ಬೇಕೇ? ಒಂದೇ ಸಿ.ಡಿ.ಯನ್ನು ಪದೇ ಪದೇ ನಕಲು ಮಾಡುವವರಿಗೆ ಸರಿ. ಉಳಿದವರಿಗೆ ಕೆಡಲು ಇನ್ನೊಂದು ಮೋಟಾರು, ಇನ್ನೊಂದು ಲೇಸರು. ಟೀಯಾಕ್ ಕಂಪನಿಯ ಕೆಲವು ಮಾದರಿಗಳಲ್ಲಿ ಗ್ರಾಮಫೋನ್ ಪ್ಲೇಟು, ಕ್ಯಾಸೆಟ್, ಸಿ.ಡಿ. ರೆಕಾರ್ಡರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿವೆ. ವೈರಿನ ಗೋಜಲು ಬೇಡವೆನ್ನುವ ಹಿರಿಯರಿಗೆ ಒಪ್ಪುತ್ತದೆ. ಆದರೆ ಒಳಗಿನ ಕ್ಯಾಸೆಟ್ ಭಾಗ ಸಾಧಾರಣವಾದರೆ ಬದಲಿಸಲು ದಾರಿಯಿಲ್ಲ. ಬಿಡಿ ಪ್ಲೇಟ್ ಪ್ಲೇಯರ್ ಇದ್ದವರು ಅದನ್ನು ನೇರವಾಗಿ ರೆಕಾರ್ಡರಿಗೆ ಸಿಕ್ಕಿಸಿದರೆ ಸಣ್ಣ, ಕೀರಲು ದನಿಯಷ್ಟೇ ಬರುತ್ತದೆ. ನಡುವೆ ಫೋನೊ ಪ್ರೀಆಂಪ್ ಎಂಬ ಪುಟ್ಟ ಪೆಟ್ಟಿಗೆ ಬೇಕು.

ದುಡ್ಡು ಹಾಕಬೇಕಾದ ಜಾಗ

ರೆಕಾರ್ಡರ್ ತನಗೆ ಕೊಟ್ಟದ್ದನ್ನು ಬರೆಯುತ್ತದೆ, ಅಷ್ಟೇ. ಕೊಡುವ ಕಡೆ ಕೆಟ್ಟಿದ್ದರೆ ಎಷ್ಟು ದುಬಾರಿ ಯಂತ್ರ ತಂದರೂ ವ್ಯರ್ಥ. ನನ್ನ ಕೇಳಿದರೆ, ಇರುವ ದುಡ್ಡಿನ ದೊಡ್ಡ ಪಾಲು ಒಳ್ಳೆಯ ಕ್ಯಾಸೆಟ್ ಡೆಕ್ಕಿಗೆ, ಅದರ ದುರಸ್ತಿಗೆ ಹೋಗಬೇಕು. ಸಡಿಲವಾದ ಬೆಲ್ಟ್ ಬದಲಿಸದಿದ್ದರೆ ಹಾಡು ತೂರಾಡುತ್ತದೆ. ಹೆಡ್ ಮೇಲಿನ ಕಂದು ಕೊಳೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸದಿದ್ದರೆ ತಾಳದ ಕಿಣಿಕಿಣಿ ಕೇಳಿಸುವುದೇ ಇಲ್ಲ.

ಹೆಚ್ಚಿನವರು ಕಡೆಗಣಿಸುವುದು ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು. ಟೇಪಿಗೆ ಹೆಡ್ ನೇರವಾಗಿ ಕೂತಿರುವಂತೆ ನೋಡಿಕೊಳ್ಳುವುದು ಅದೇ. ಅಂದು ರೆಕಾರ್ಡ್ ಮಾಡಿದ ಟೂ-ಇನ್-ಒನ್‌ನ ಹೆಡ್ ಕೂದಲೆಳೆಯಷ್ಟು ಓರೆಯಾಗಿದ್ದಿದ್ದರೆ, ಇಂದಿನ ಡೆಕ್ಕಿನ ಹೆಡ್ಡನ್ನೂ ಅಷ್ಟೇ ಓರೆ ಮಾಡಬೇಕು. ಇಲ್ಲದಿದ್ದರೆ ಹೊದಿಕೆಯೊಳಗಿಂದ ಹಾಡಿದಂತೆ ಕೇಳುತ್ತದೆ. ಮೊದಲಿನ ಸ್ಥಾನವನ್ನು ಗುರುತು ಮಾಡಿಕೊಂಡು, ಕ್ಯಾಸೆಟ್ ಓಡುತ್ತಿರುವಾಗ ತಿರುಪನ್ನು ಮೆಲ್ಲಗೆ ತಿರುಗಿಸಿ. ‘ಸ’, ‘ಶ’ಗಳು ಸ್ಪಷ್ಟವಾದ ಜಾಗವೇ ಸರಿಯಾದ ಜಾಗ. ಇದಕ್ಕೆ ಖರ್ಚಿಲ್ಲ, ಕಿವಿ ಬೇಕು. ಹೀಗೆ ಮಾಡಿದಾಗ ಆಗುವ ಸುಧಾರಣೆಯನ್ನು ಯಾವ 24 ಬಿಟ್ಟೂ ಕೊಡುವುದಿಲ್ಲ.

ಡಾಲ್ಬಿ ಗುಂಡಿಯ ವಿಚಾರ ಸರಳ: ಡಾಲ್ಬಿ ಹಾಕಿ ರೆಕಾರ್ಡ್ ಮಾಡಿದ್ದರೆ ಹಾಕಿ, ಇಲ್ಲದಿದ್ದರೆ ಬೇಡ. ಮನೆಯ ಟೂ-ಇನ್-ಒನ್‌ಗಳಲ್ಲಿ ಬಹುತೇಕ ಅದು ಇರಲೇ ಇಲ್ಲ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಕ್ಯಾಸೆಟ್ಟುಗಳಲ್ಲಿ ಬಿಳಿ ಬೂಷ್ಟು ಹಿಡಿದಿರುತ್ತದೆ. ಅಂಥವನ್ನು ಒಳ್ಳೆಯ ಡೆಕ್ಕಿಗೆ ಹಾಕಬೇಡಿ, ಒಂದರಿಂದ ಎಲ್ಲಕ್ಕೂ ಅಂಟುತ್ತದೆ. ಎಷ್ಟೋ ವರ್ಷದಿಂದ ಸುತ್ತಿಕೊಂಡೇ ಇದ್ದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಹಿಂದಕ್ಕೆ ಓಡಿಸಿ ಆಮೇಲೆ ಹಾಡಿಸಿ. ಒತ್ತಿಹಿಡಿಯುವ ಸ್ಪಂಜು ಬಿದ್ದುಹೋಗಿದ್ದರೆ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ವರ್ಗಾಯಿಸಬಹುದು, ತಿರುಪು ಹಾಕಿದ ಚಿಪ್ಪಾದರೆ.

ಲೆಕ್ಕ ತಪ್ಪುವ ಇನ್ನೊಂದು ಜಾಗ ಸಮಯ. 60 ನಿಮಿಷದ ಕ್ಯಾಸೆಟ್ ಒಂದು ಸಿ.ಡಿ.ಯಲ್ಲಿ ಆರಾಮವಾಗಿ ಹಿಡಿಯುತ್ತದೆ. ನಮ್ಮ ಮನೆಗಳಲ್ಲಿ ತಾಳಮದ್ದಳೆ, ಕಛೇರಿಗಳಿಗೆಂದು ಕೊಳ್ಳುತ್ತಿದ್ದದ್ದು 90 ನಿಮಿಷದ್ದು. ಸಿ.ಡಿ.ಯ ಮಿತಿ 74, ಹೆಚ್ಚೆಂದರೆ 80. ಹಾಗಾಗಿ ಒಂದು ಕ್ಯಾಸೆಟ್ಟಿಗೆ ಎರಡು ತಟ್ಟೆ, ಮಗ್ಗುಲಿಗೊಂದರಂತೆ. ತಟ್ಟೆಗಳ ಖರ್ಚು ಕೂಡಿಸುವಾಗ ಇದನ್ನು ಮರೆತವರೇ ಹೆಚ್ಚು.

ತಟ್ಟೆಯೇ ಸಿಗದಿದ್ದರೆ?

ಖಾಲಿ ಸಿ.ಡಿ. ತಯಾರಿಸುವವರೂ ಕಡಿಮೆಯಾಗುತ್ತಿದ್ದಾರೆ. ಒಳ್ಳೆಯ ತಟ್ಟೆಗೆ ಹೆಸರಾಗಿದ್ದ ತಾಯೊ ಯುಡೆನ್ 2015ರಲ್ಲಿ ಈ ವ್ಯವಹಾರದಿಂದ ಹೊರಬಂತು. ನಮ್ಮಲ್ಲಿ ಮನೆಮಾತಾಗಿದ್ದ ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಆದೇಶಕ್ಕೆ ಗುರಿಯಾಯಿತು. ಅತಿ ವೇಗಕ್ಕೆಂದು ತಯಾರಾದ ಈಗಿನ 52 ವೇಗದ ತಟ್ಟೆಗಳಲ್ಲಿ ಕೆಲವು, ಹಾಡಿನ ವೇಗದಲ್ಲೇ ಬರೆಯುವ ಹಳೆಯ ಯಂತ್ರಗಳಿಗೆ ಒಗ್ಗುವುದಿಲ್ಲ. ಒಗ್ಗುವ ತಟ್ಟೆ ಸಿಕ್ಕರೆ ಬೇಕಾದಷ್ಟನ್ನು ಒಟ್ಟಿಗೇ ಕೊಂಡಿಡುವುದು ಲೇಸು.

ಮನೆಯಲ್ಲಿ ಕಂಪ್ಯೂಟರ್ ಬಳಸುವ ಒಬ್ಬರಾದರೂ ಇದ್ದರೆ, ಯುಎಸ್‌ಬಿ ಮೂಲಕ ಧ್ವನಿ ಒಳಗೆ ಕಳಿಸುವ ಒಂದು ಪುಟ್ಟ ಪೆಟ್ಟಿಗೆ ಮತ್ತು ಬಿಟ್ಟಿ ಸಿಗುವ ಆಡಾಸಿಟಿ ತಂತ್ರಾಂಶದಿಂದ ಇದೇ ಕೆಲಸ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ತಪ್ಪಿದರೆ ತಟ್ಟೆ ಹಾಳಾಗುವ ಭಯವೂ ಇಲ್ಲ. ಅದನ್ನು ಬಿಟ್ಟು ಈ ಯಂತ್ರವನ್ನೇ ಕೊಳ್ಳಿ ಎಂದು ಎಲ್ಲರಿಗೂ ಹೇಳಲಾರೆ. ಆದರೆ ಕ್ಯಾಸೆಟ್ಟುಗಳ ಗುಟ್ಟು ಗೊತ್ತಿರುವುದು ಸಾಮಾನ್ಯವಾಗಿ ಕಂಪ್ಯೂಟರ್ ಗೊತ್ತಿಲ್ಲದವರಿಗೇ. ಯಾವ ಮೇಳ, ಯಾರ ಭಾಗವತಿಕೆ, ಯಾವ ವರ್ಷದ ಗಣೇಶೋತ್ಸವ ಎಂದು ಎರಡು ಸಾಲು ಕೇಳಿ ಹೇಳಬಲ್ಲವರು ಅವರು. ಅವರೇ ಕೂತು, ತಾವೇ ಗುಂಡಿ ಒತ್ತಿ, ಮುಗಿದದ್ದನ್ನು ಹೆಸರು ಬರೆದು ಜೋಡಿಸುವಂತಾಗುವುದಾದರೆ ಈ ಹಳೆಯ ಯಂತ್ರಕ್ಕೆ ಇನ್ನೂ ಕೆಲಸವಿದೆ. ಹೆಸರನ್ನು ಸಿ.ಡಿ. ಮಾರ್ಕರಿನಿಂದ ಬರೆಯಲಿ. ಬಾಲ್‌ಪೆನ್ನು ಮೇಲಿನ ತೆಳು ಪದರವನ್ನು ಗೀರುತ್ತದೆ, ಅಂಟುಚೀಟಿ ತಟ್ಟೆಯ ತೂಕ ತಪ್ಪಿಸುತ್ತದೆ.

ಹಾಗೆ ತಯಾರಾದ ತಟ್ಟೆಗಳನ್ನು ಆಗಾಗ ಯಾರಾದರೂ ಕಂಪ್ಯೂಟರಿಗೆ ಹಾಕಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಲಿ. ಬಣ್ಣದ ಪದರ ಬಿಸಿಲು, ತೇವಕ್ಕೆ ಕೆಡುತ್ತದೆ. ರೆಕಾರ್ಡರ್ ಹಾಕಿದ ಬೀಗ ಇಲ್ಲಿ ಅಡ್ಡಬರುವುದಿಲ್ಲ. ಕಂಪ್ಯೂಟರು ಮತ್ತು ಅದರ ಹಾರ್ಡ್ ಡಿಸ್ಕು 1992ರ ಕಾಯ್ದೆ ಹೇಳುವ ರೆಕಾರ್ಡಿಂಗ್ ಸಾಧನಗಳಲ್ಲ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೇ 1999ರಲ್ಲಿ, ರಿಯೊ ಎಂಬ ಎಂಪಿ3 ಪ್ಲೇಯರಿನ ಮೊಕದ್ದಮೆಯಲ್ಲಿ ಹೇಳಿತು. ಬೀಗ ಉಳಿದದ್ದು ಡೆಕ್ ಕೊಂಡವರ ಮನೆಗಳಲ್ಲಿ ಮಾತ್ರ.